ಫರಾಫೀರ್ ನಾಟಕ ವಾಚನ: ಕೆಲಸ ಎಲ್ಲಿಗೆ ಬಂತು

ಈಜಿಪ್ಟಿನ ಲೇಖಕ ಯೂಸುಫ್ ಇದ್ರೀಸ್ ಅವರ ‘ಅಲ್-ಫರಾಫೀರ್’ (1964) ನಾಟಕವನ್ನು ಸುತ್ತಲೂ ಜನ ಕೂತ ಅಂಗಳದಲ್ಲಿ ಓದಿ ಆಡುವ ಸಿದ್ಧತೆ ನಡೆದಿದೆ. ಒಬ್ಬ ಯಜಮಾನ, ಅವನ ಆಳು ಫರ್ಫೂರ್, ಇವರಿಬ್ಬರ ನಾಟಕವಿದು. ಅಂಗಳದ ಅಳತೆ ನಿಶ್ಚಯವಾಗಿದೆ, ಮೊದಲ ಭಾಗ ಹಿಡಿತಕ್ಕೆ ಬಂದಿದೆ. ಕೊನೆಯ ದೃಶ್ಯ ಇನ್ನೂ ಕೂಡಿಬಂದಿಲ್ಲ.

ವೃತ್ತವೇ ಬೇಕು ಎಂಬುದು ನಮ್ಮ ಹಟವಲ್ಲ, ಇದ್ರೀಸ್ ಅವರ ವಾದ. ನೈಲ್ ಮುಖಜಭೂಮಿಯ ಶರ್ಕಿಯ್ಯಾ ಪ್ರಾಂತ್ಯದಲ್ಲಿ 1927ರಲ್ಲಿ ಹುಟ್ಟಿದ ಅವರು ಓದಿದ್ದು ವೈದ್ಯಕೀಯ. 1954ರ ‘ಅರ್ಖಸ್ ಲಯಾಲಿ’ ಕಥಾಸಂಕಲನದಿಂದಲೇ ಹೆಸರಾದರು. ಹತ್ತು ವರ್ಷದ ಮೇಲೆ ‘ಅಲ್-ಕಾತಿಬ್’ ಪತ್ರಿಕೆಯಲ್ಲಿ ಮೂರು ಲೇಖನ ಬರೆದು, ಈಜಿಪ್ಟಿನ ರಂಗಭೂಮಿ ಯುರೋಪಿನ ಅಚ್ಚನ್ನು ಬಿಟ್ಟು ಹಳ್ಳಿಯ ‘ಸಾಮಿರ್’ ಕೂಟದಿಂದ ಹೊರಡಬೇಕು ಎಂದರು. ಸಾಮಿರ್ ಎಂದರೆ ರಾತ್ರಿ ಜನ ಸುತ್ತ ಕೂತು, ತಮ್ಮೊಳಗಿಂದಲೇ ಎದ್ದವರ ಆಟ ನೋಡುವುದು. ಅಲ್ಲಿ ಬರೀ ಪ್ರೇಕ್ಷಕ ಎಂಬವನಿಲ್ಲ. ಅದೇ ವರ್ಷ ಕೈರೋದಲ್ಲಿ ಕರಮ್ ಮುತಾವಿ ನಿರ್ದೇಶನದಲ್ಲಿ ನಾಟಕ ಪ್ರಯೋಗವಾದದ್ದು ಮಾತ್ರ ಚೌಕಟ್ಟಿನ ರಂಗದ ಮೇಲೆ. ಪಠ್ಯ ಕೇಳುವ ವೃತ್ತ ಅಲ್ಲಿ ಸಿಗಲಿಲ್ಲ, ಅದಕ್ಕೇ ಈ ಪ್ರಯತ್ನ.

ಅಂಗಳದ ವ್ಯಾಸ 18 ಅಡಿ. 14 ಅಡಿಗೆ ಇಳಿಸಿದರೆ ಫರ್ಫೂರ್ ಓಡಲು ಜಾಗ ಸಾಲದು; 22 ದಾಟಿದರೆ ಎದುರು ಬದಿಯವರ ಮುಖ ಕಾಣದು, ಮುಖ ಕಾಣದಿದ್ದರೆ ಸಾಮಿರ್ ಇಲ್ಲ. ಮೊದಲ ಸಾಲು ಜಮಖಾನದ ಮೇಲೆ, ಎರಡನೆಯದು ಗಿಡ್ಡ ಬೆಂಚು, ಮೂರನೆಯದು ಕುರ್ಚಿ. ನಾಲ್ಕು ಕಡೆ 3 ಅಡಿಯ ದಾರಿ. ಬಯಲಾಟದ ರಂಗಸ್ಥಳಕ್ಕೆ ಹಿಂಬದಿಯೊಂದಿರುತ್ತದೆ, ಹಿಮ್ಮೇಳ ಅಲ್ಲಿ ಕೂರುತ್ತದೆ. ಇಲ್ಲಿ ಆ ಆಸರೆಯಿಲ್ಲ. ಹಾಗಾಗಿ ಯಜಮಾನ ಮತ್ತು ಫರ್ಫೂರ್ ಆದಷ್ಟೂ ವ್ಯಾಸದ ಎರಡು ತುದಿಯಲ್ಲಿ ನಿಲ್ಲುತ್ತಾರೆ. ಯಾರು ಎಲ್ಲೇ ಕೂತಿರಲಿ, ಇಬ್ಬರಲ್ಲಿ ಒಬ್ಬರ ಮುಖವಾದರೂ ಕಾಣುತ್ತದೆ. ಇಬ್ಬರೂ ನಡುವಿಗೆ ಬಂದು ಹತ್ತಿರ ನಿಂತರೆ ಒಬ್ಬರು ಇನ್ನೊಬ್ಬರನ್ನು ಮುಚ್ಚಿಬಿಡುತ್ತಾರೆ. ಸಮಾಧಿ ತೋಡುವ ದೃಶ್ಯದಲ್ಲಿ ಇದು ಮತ್ತೆ ಮತ್ತೆ ಆಗುತ್ತಿತ್ತು. ಗುಂಡಿಯನ್ನು ನಡುವಿನಿಂದ ಅಂಚಿಗೆ ಸರಿಸಿದ ಮೇಲೆ ಸರಿಹೋಯಿತು.

ದೀಪಗಳನ್ನು 12 ಅಡಿ ಕಂಬಗಳಿಗೆ ಕಟ್ಟಿ, ಬೆಳಕು ಕಡಿದಾಗಿ ಕೆಳಗೆ ಬೀಳುವಂತೆ ಬಗ್ಗಿಸಬೇಕು. ಓರೆಯಾದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪ್ರೇಕ್ಷಕರ ಮೇಲಿನ ಬೆಳಕನ್ನು ಕುಗ್ಗಿಸಬಹುದು, ಆರಿಸಕೂಡದು.

ಫರ್ಫೂರ್‌ನ ಕೈಗೆ ಹೊಡೆದರೆ ಚಟ್ಟನೆ ಸದ್ದಾಗುವ ಬಿದಿರಿನ ಚಟಕೆ ಕೊಟ್ಟಿದ್ದೇವೆ. 18 ಅಂಗುಲದ ಎರಡು ತೆಳು ಸೀಳು, ಹಿಡಿಯ ಕಡೆ ಮಾತ್ರ ಬಿಗಿದು, ನಡುವೆ ತೆಳುವಾದ ರಟ್ಟಿನ ಚೂರು. ರಟ್ಟಿಲ್ಲದೆ ಕಟ್ಟಿದರೆ ಸೀಳುಗಳು ಅಂಟಿಕೊಂಡು ಸದ್ದೇ ಬರುವುದಿಲ್ಲ.

ಪಠ್ಯ ಕತ್ತರಿಸುವಾಗ ಎಚ್ಚರ ಬೇಕಿದ್ದದ್ದು ಎರಡನೇ ಭಾಗಕ್ಕೆ. ಯಜಮಾನ, ಆಳು ಎಂಬ ಭೇದವನ್ನು ಅಳಿಸಲು ಇವರಿಬ್ಬರೂ ಒಂದೊಂದೇ ವ್ಯವಸ್ಥೆ ಮಾಡಿ ನೋಡುತ್ತಾರೆ. ಪಾತ್ರ ಅದಲುಬದಲು ಮಾಡುತ್ತಾರೆ, ಇಬ್ಬರೂ ಯಜಮಾನರಾಗುತ್ತಾರೆ. ಯಾವುದೂ ನಿಲ್ಲುವುದಿಲ್ಲ. ಉದ್ದವೆನಿಸಿ ಒಂದೆರಡನ್ನು ಪೂರ್ತಿ ತೆಗೆಯುವ ಆಸೆ ಬರುತ್ತದೆ. ತೆಗೆದರೆ ‘ಅದೊಂದು ದಾರಿ ಉಳಿದಿತ್ತಲ್ಲ’ ಎಂದು ಕೇಳುಗರಿಗೆ ಅನಿಸಿ ಕೊನೆಯ ಪ್ರಶ್ನೆ ಸಡಿಲವಾಗುತ್ತದೆ. ಆದ್ದರಿಂದ ಪ್ರತಿ ಪ್ರಯೋಗವನ್ನೂ ಉಳಿಸಿಕೊಂಡು, ಒಳಗಿನ ಮರುಮಾತುಗಳನ್ನಷ್ಟೇ ಕತ್ತರಿಸಿದ್ದೇವೆ. ಇದ್ರೀಸ್ ಆಡುಮಾತಿನಲ್ಲಿ ಬರೆದವರು. 1956ರ ಕಥಾಸಂಕಲನಕ್ಕೆ ಮುನ್ನುಡಿ ಬರೆದ ಈಜಿಪ್ಟಿನ ಹಿರಿಯ ಸಾಹಿತಿ ತಾಹಾ ಹುಸೇನ್ ಶಿಷ್ಟ ಅರಬ್ಬಿಯ ಕಡೆ ಒಲಿಯಲು ಹೇಳಿದರೂ ಅವರು ಆಡುಮಾತು ಬಿಡಲಿಲ್ಲ. ಕನ್ನಡದಲ್ಲೂ ಗ್ರಾಂಥಿಕ ವಾಕ್ಯ ಬಂದ ಕಡೆಯೆಲ್ಲ ನಗು ಸಾಯುತ್ತದೆ, ಅಂಥ ಸಾಲುಗಳನ್ನು ಇನ್ನೂ ಹುಡುಕುತ್ತಿದ್ದೇವೆ.

ನಾಟಕಕಾರನೇ ಒಂದು ಪಾತ್ರವಾಗಿ ಬರುತ್ತಾನೆ, ಬಂದಂತೆಲ್ಲ ಕುಗ್ಗುತ್ತಾನೆ. ಎತ್ತರದ ಓದುಗ, ಗಿಡ್ಡ ಓದುಗ, ಆಮೇಲೆ ಹುಡುಗ, ಹೀಗೆ ಮೂವರನ್ನು ಒಂದೇ ಕೋಟಿನಲ್ಲಿ ಕಳಿಸುವ ಯೋಜನೆ. ಕೋಟು ಬದಲಾದರೆ ಬೇರೆ ಬೇರೆ ಪಾತ್ರಗಳೆಂದು ಜನ ತಿಳಿಯುತ್ತಾರೆ.

ಇನ್ನು ಕೊನೆಯ ದೃಶ್ಯ. ಸಾವಿನಲ್ಲಾದರೂ ಸಮಾನತೆ ಸಿಕ್ಕೀತೆಂದು ಇಬ್ಬರೂ ಸಾಯುತ್ತಾರೆ. ಆದರೆ ಅಲ್ಲೂ ಹಗುರವಾದದ್ದು ಭಾರವಾದದ್ದರ ಸುತ್ತ ತಿರುಗಲೇಬೇಕು, ಪರಮಾಣುವಿನ ನಿಯಮವದು. ಫರ್ಫೂರ್ ಯಜಮಾನನ ಸುತ್ತ ತಿರುಗುತ್ತಲೇ ಸುತ್ತಲಿನವರನ್ನು ಪರಿಹಾರ ಕೇಳುತ್ತಾನೆ. 3 ಅಡಿ ತ್ರಿಜ್ಯದಲ್ಲಿ ಓಡಿದರೆ ತಲೆ ಸುತ್ತುತ್ತದೆ. 7 ಅಡಿ ಇಟ್ಟರೆ ಒಂದು ಸುತ್ತು ಸುಮಾರು 44 ಅಡಿ, ಓಟ ಹಿಡಿತದಲ್ಲಿರುತ್ತದೆ. ಉಸಿರು ಕಟ್ಟಿ ಮಾತು ಮುರಿಯಬೇಕು, ಆದರೆ ಪ್ರಶ್ನೆ ಕೇಳಿಸಬೇಕು. ಅದಕ್ಕಾಗಿ ಮಾತುಗಳನ್ನು ಎರಡು ಮೂರು ಪದದ ತುಂಡು ಮಾಡಿ, ಪ್ರತಿ ತುಂಡನ್ನೂ ಒಂದು ದಾರಿಯ ಬಾಯಿಗೆ ಹೊಂದಿಸಿದ್ದೇವೆ. ಓಡುತ್ತ ಪುಟ ಹಿಡಿಯಲಾಗದು, ಆ ಭಾಗ ಬಾಯಿಪಾಠವೇ ಆಗಬೇಕು. ವೇಗ ಏರಿದಾಗ ತುಂಡುಗಳು ದಾರಿ ತಪ್ಪುತ್ತಿವೆ. ಓಟವನ್ನು ಮೂರು ಗತಿಗಳಾಗಿ ಎಣಿಸಿ ಕಟ್ಟುವುದು ಮುಂದಿನ ಕೆಲಸ.