ಡಯಾಲಿಸಿಸ್ ಕೋಣೆಯಲ್ಲಿ ಅಪ್ಪಯ್ಯ ಕೇಳಿದ್ದು

ಡಯಾಲಿಸಿಸ್ ಶುರುಮಾಡಲೇಬೇಕು ಎಂದು ಡಾಕ್ಟರು ಹೇಳಿದಾಗ ಅಪ್ಪಯ್ಯ ಸೂಜಿಗೆ ಹೆದರಲಿಲ್ಲ, ಖರ್ಚಿನ ಮಾತನ್ನೂ ಎತ್ತಲಿಲ್ಲ. ಮುಂಬಯಿ ಪಕ್ಕದ ಡೊಂಬಿವಲಿ ಸ್ಟೇಷನ್ನಿನ ಹೊರಗೆ ರಿಕ್ಷಾಕ್ಕೆ ನಿಂತಿದ್ದಾಗ ಮೆಲ್ಲಗೆ ಕೇಳಿದರು: "ಒಂದೇ ಮಿಷನ್ನಿನಲ್ಲಿ ದಿನಕ್ಕೆ ಎಷ್ಟು ಜನರ ರಕ್ತ ಹೋಗ್ತದೆ ಮಾರಾಯ? ಅವರಲ್ಲಿ ಯಾರಿಗಾದ್ರೂ ಎಂತದಾದ್ರೂ ಕಾಯಿಲೆ ಇದ್ರೆ?"

ಘಾಟ್‌ಕೋಪರಿನ ಉಡುಪಿ ಹೋಟೆಲೊಂದರಲ್ಲಿ ಆಯುಷ್ಯ ಕಳೆದವರು ಅವರು. ಬಿಸಿನೀರು ಕಾಣದ ಲೋಟವನ್ನು ಗಿರಾಕಿಯ ಮುಂದೆ ಇಡಲು ಬಿಟ್ಟವರಲ್ಲ. ಆ ಪ್ರಶ್ನೆ ಅವರಿಗೆ ಬಾರದಿದ್ದರೇ ನನಗೆ ಆಶ್ಚರ್ಯವಾಗುತ್ತಿತ್ತು. ಅದು ಬುಡವಿಲ್ಲದ ಭಯವೂ ಅಲ್ಲ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಒಬ್ಬರಿಗೆ ಚುಚ್ಚಿದ ಸಿರಿಂಜನ್ನೇ ಇನ್ನೊಬ್ಬರಿಗೂ ಬಳಸಿ, ರಕ್ತದಿಂದ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಬಿ ಹಬ್ಬಿತ್ತು. ಸಾದಾ ಇಂಜೆಕ್ಷನ್ನಿಗೆಂದು ಹೋದವರು ಜೀವ ಕಳೆದುಕೊಂಡಿದ್ದರು.

ಮೊದಲ ದಿನ ನಾವು ಹೋಗುವಷ್ಟರಲ್ಲಿ ಮಿಷನ್ನಿಗೆ ನಳಿಕೆ ಜೋಡಿಸಿ ಆಗಿತ್ತು. "ಇದರ ಪ್ಯಾಕೆಟ್ ಎಲ್ಲಿ?" ಎಂದು ಅಪ್ಪಯ್ಯ ಹಿಂದಿಯಲ್ಲಿ ಕೇಳಿದರು. ಟೆಕ್ನಿಶಿಯನ್ ಹುಡುಗ "ಕಾಕಾ, ಟೆನ್ಶನ್ ಘೇವೂ ನಕಾ" (ಟೆನ್ಶನ್ ಮಾಡ್ಕೋಬೇಡಿ) ಎಂದು ಮರಾಠಿಯಲ್ಲಿ ಹೇಳಿ ನಕ್ಕು ಕೈ ಹಿಡಿದ. ಅಪ್ಪಯ್ಯ ಸುಮ್ಮನಾದರು. ನಾನು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಹುಡುಗನ ಮುಖ ಬಿಗಿಯಿತು. ದಿನಾ ಮಾಡುವ ಕೆಲಸ, ನಮಗೇ ಕಲಿಸುತ್ತೀರಾ ಎನ್ನುವಂತಿತ್ತು ಅವನ ನೋಟ.

ಅಷ್ಟರಲ್ಲಿ ಬಂದ ಹಿರಿಯ ಸಿಸ್ಟರ್ ಸಿಟ್ಟಾಗಲಿಲ್ಲ. ಟ್ರಾಲಿಯ ಮೇಲಿದ್ದ, ಆಗಷ್ಟೇ ಹರಿದ ಪ್ಯಾಕೆಟ್‌ಗಳನ್ನು ತೋರಿಸಿದರು. ರಕ್ತ ಸೋಸುವ ಕೊಳವೆಯಾದ ಡಯಲೈಸರಿನ ಮೇಲೆ ಬರೆದಿದ್ದ ಹೆಸರು, ತಾರೀಕನ್ನು ಅಪ್ಪಯ್ಯನಿಂದಲೇ ಓದಿಸಿದರು. "ರಕ್ತ ಮಿಷನ್ನಿನೊಳಗೆ ಹೋಗುವುದೇ ಇಲ್ಲ ಕಾಕಾ. ಈ ನಳಿಕೆ, ಈ ಡಯಲೈಸರ್, ಇವೆರಡರಲ್ಲೇ ಹರಿದು ನಿಮಗೇ ವಾಪಸ್ ಬರುತ್ತದೆ. ಪಂಪು ನಳಿಕೆಯನ್ನು ಹೊರಗಿನಿಂದ ಒತ್ತುತ್ತದೆ, ಅಷ್ಟೆ."

"ಹಾಗಾದ್ರೆ ಕಾಯಿಲೆ ದಾಟುವುದು ಹೇಗೆ?"

"ನಮ್ಮ ಕೈಯಿಂದ" ಎಂದರು ಸಿಸ್ಟರ್.

ಆ ಉತ್ತರದ ನೇರತನಕ್ಕೆ ನಾನು ಇವತ್ತಿಗೂ ಋಣಿ. ಹೆಪಟೈಟಿಸ್ ಬಿ ವೈರಾಣು ಒಣಗಿದ ಮೇಲ್ಮೈಯಲ್ಲೂ ಕನಿಷ್ಠ 7 ದಿನ ಬದುಕಬಲ್ಲದು. ರಕ್ತದ ಕಲೆ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಹಾಗಾಗಿ ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಗ್ಲೌಸ್ ಬದಲಿಸಿ ಕೈ ತೊಳೆಯಬೇಕು. ಪ್ರತಿ ಪಾಳಿಯ ಬಳಿಕ ಕುರ್ಚಿ, ಮಿಷನ್ನಿನ ಗುಂಡಿಗಳು, ಬಿಪಿ ಪಟ್ಟಿ ಎಲ್ಲವನ್ನೂ ಔಷಧದಿಂದ ಒರೆಸಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ನಿನ ಸೀಸೆಗೆ ಬಳಸಿದ ಸಿರಿಂಜ್ ಮತ್ತೆ ಇಳಿಯಬಾರದು; ಒಂದೇ ಸೀಸೆ ಹಲವರ ಕುರ್ಚಿ ಸುತ್ತಿದರೆ ಸೋಂಕಿಗೂ ದಾರಿಯಾಗುತ್ತದೆ. ಹೆದರಬೇಡಿ ಎಂಬ ಮಾತಿನಿಂದ ಇಳಿಯದಿದ್ದ ಭಯ, ಎಲ್ಲಿ ನೋಡಬೇಕೆಂದು ತಿಳಿದಾಗ ಅರ್ಧ ಇಳಿಯಿತು. ರೋಗಿ ಪ್ರಶ್ನೆ ಕೇಳಿದರೆ ಅದನ್ನು ಅಪನಂಬಿಕೆ ಎಂದುಕೊಳ್ಳುವವರ ಮೇಲೆ ನನಗೆ ನಿಜಕ್ಕೂ ಕೋಪವಿದೆ. ಸೂಜಿ ಹೋಗುವುದು ಅವರ ಮೈಗೆ.

ಕೋಣೆಯ ತುದಿಯಲ್ಲಿ ಗಾಜಿನ ಗೋಡೆಯಾಚೆ ಪ್ರತ್ಯೇಕ ಮಿಷನ್ ಇತ್ತು, ಹೆಪಟೈಟಿಸ್ ಬಿ ಇರುವವರಿಗೆ. ಅಲ್ಲಿದ್ದವರು ವಿಜಯಪುರ ಕಡೆಯವರು, ಟ್ಯಾಕ್ಸಿ ಓಡಿಸಿಕೊಂಡಿದ್ದವರು. ನಮ್ಮ ಮಾತು ಕಿವಿಗೆ ಬಿದ್ದು, ಹೊರಡುವಾಗ "ಕನ್ನಡದವರೇನ್ರಿ?" ಎಂದು ಬಾಗಿಲ ಬಳಿ ನಿಲ್ಲಿಸಿದರು. ರೋಗ ಎಲ್ಲಿಂದ ಬಂತೋ ಅವರಿಗೇ ತಿಳಿಯದು. "ನಾ ಕುಂತ ಬೆಂಚಿನ ಮ್ಯಾಲೆ ಯಾರೂ ಕೂಡಂಗಿಲ್ರಿ" ಎಂದರು. ಅಪ್ಪಯ್ಯ ನನ್ನನ್ನು ನೋಡಿದರು, ನಾನು ಸಿಸ್ಟರನ್ನು ನೋಡಿದೆ. ಜೊತೆಗೆ ಕೂತರೆ, ಕೈಕುಲುಕಿದರೆ, ಒಟ್ಟಿಗೆ ಉಂಡರೆ ಇದು ಅಂಟುವುದಿಲ್ಲ ಎಂದು ಸಿಸ್ಟರ್ ಎಲ್ಲರಿಗೂ ಕೇಳುವಂತೆಯೇ ಹೇಳಿದರು. ಅಪ್ಪಯ್ಯ ಆ ಬೆಂಚಿನಲ್ಲಿ ಅವರ ಪಕ್ಕ ಕೂತರು. ಊರು, ಮಕ್ಕಳು, ಮೀಟರ್ ಟ್ಯಾಕ್ಸಿಯ ಕಷ್ಟ ಅಂತ ಮಾತು ಬೆಳೆಯಿತು. ಸೋಂಕಿನ ಭಯ ಎಷ್ಟು ಬೇಗ ಮನುಷ್ಯರ ಭಯವಾಗಿಬಿಡುತ್ತದೆ ಎಂದು ನನಗೆ ಅಂದು ಹೊಟ್ಟೆಯಲ್ಲಿ ಸಂಕಟವಾಯಿತು.

ಮುಂದಿನ ಪಾಳಿಯಿಂದ ಪ್ಯಾಕೆಟ್ ನಮ್ಮ ಎದುರೇ ಒಡೆಯತೊಡಗಿದರು, ಆ ಹುಡುಗನೇ. ಅಪ್ಪಯ್ಯನಿಗೆ ಹೆಪಟೈಟಿಸ್ ಬಿ ಲಸಿಕೆಯೂ ಶುರುವಾಯಿತು. ಡಯಾಲಿಸಿಸ್ ರೋಗಿಗಳ ಮೈ ಲಸಿಕೆಗೆ ಅಷ್ಟಾಗಿ ಸ್ಪಂದಿಸದ್ದರಿಂದ ಅವರಿಗೆ ಇಮ್ಮಡಿ ಪ್ರಮಾಣ: ಮೊದಲ ಡೋಸ್, ಆಮೇಲೆ 1, 2, 6ನೇ ತಿಂಗಳು. ಹೀಗೆಯೇ ರಕ್ತದಿಂದ ಹರಡುವ ಇನ್ನೊಂದು ಸೋಂಕು ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ; ಆದರೆ ಈಗಿನ ಮಾತ್ರೆಗಳಿಂದ ಬಹುತೇಕ ಎಲ್ಲರಲ್ಲೂ ಗುಣವಾಗುತ್ತದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅವು ಉಚಿತವಾಗಿಯೂ ಸಿಗುತ್ತವೆ. ಬಿ ಲಸಿಕೆಯ ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯ ಎಷ್ಟಿದೆ ಎಂದು ನೋಡುತ್ತಾರೆ. ಅದು 10 mIU/mLಗಿಂತ ಕಡಿಮೆ ಬಂದರೆ ಲಸಿಕೆಯನ್ನು ಮತ್ತೆ ಮೊದಲಿನಿಂದ ಹಾಕಿಸಬೇಕು. ಅಮ್ಮನೂ ನಾನೂ ಅದೇ ವಾರ ಹೋಗಿ ಹಾಕಿಸಿಕೊಂಡೆವು.