ಶಿರಸಿಯ ಅಂಗಳದ ಹವಾಮಾನ ಕೇಂದ್ರ: ಎತ್ತರದ ತಲೆನೋವು

ಬಿಎಂಇ280 ಸೆನ್ಸರ್ ಕೊನೆಗೂ ಕೆಲಸ ಶುರುಮಾಡಿದೆ. ಹೆಸರುಕಾಳಿಗಿಂತ ಚಿಕ್ಕದಾದ ಈ ಲೋಹದ ಡಬ್ಬಿ ಉಷ್ಣತೆ, ತೇವಾಂಶ, ಒತ್ತಡ ಮೂರನ್ನೂ ಅಳೆಯುತ್ತದೆ. ತೇವಾಂಶಕ್ಕೆ ಒಂದು ಪಾಲಿಮರ್ ಪದರವಿದೆ. ಅದು ನೀರಾವಿ ಹೀರಿದಂತೆ ವಿದ್ಯುತ್ ಧಾರಕತೆ, ಅಂದರೆ ವಿದ್ಯುದಾವೇಶ ಹಿಡಿದಿಡುವ ಶಕ್ತಿ, ಹೆಚ್ಚುತ್ತದೆ. ನಮ್ಮ ಆಷಾಢದಲ್ಲಿ ತೇವಾಂಶದ ಅಂಕಿ ಶೇಕಡಾ ನೂರರ ಆಸುಪಾಸಿನಿಂದ ಕದಲುವುದೇ ಇಲ್ಲ. ಅಡಿಕೆಗೆ ಕೊಳೆ ರೋಗ ತರುವ ಹವೆ ಎಂದು ತಿಳಿಯಲು ತೋಟದವರಿಗೆ ಯಂತ್ರ ಬೇಕಿಲ್ಲ.

ಸ್ವಾರಸ್ಯವಿರುವುದು ಒತ್ತಡದಲ್ಲಿ. ಗಾಳಿಯ ಭಾರಕ್ಕೆ ಒಳಗಿನ ತೆಳು ಸಿಲಿಕಾನ್ ಪೊರೆ ಬಾಗುತ್ತದೆ, ಬಾಗಿದಷ್ಟು ವಿದ್ಯುತ್ ರೋಧ ಬದಲಾಗುತ್ತದೆ. ತಂತಿ ಉದ್ದ ಮಾಡಿಕೊಂಡು ಜಗಲಿಯಿಂದ ಅಟ್ಟಕ್ಕೆ ಒಯ್ದೆ: ಮೂರು ಮೀಟರಿಗೆ ಒತ್ತಡ ಸುಮಾರು 0.3 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆಮಾನ) ಇಳಿಯಿತು. ಏಣಿ ಹತ್ತಿದಂತೆ ಪರದೆಯ ಕೊನೆಯ ಅಂಕಿಗಳು ಸರಿಯುವುದನ್ನು ನೋಡಲು ಆಯಿ ಅಡುಗೆಮನೆಯಿಂದ ಬಂದಳು. "ಹಾಗಾದರೆ ಕಾರವಾರದಲ್ಲಿ ಎಷ್ಟಿರಬಹುದು?" ಎಂದು ಕೇಳಿದ್ದು ಅವಳೇ.

ಕಾರವಾರದ ಭಾವನ ಮನೆಯಲ್ಲೂ ಇಂಥದ್ದೇ ಸೆನ್ಸರ್ ಇದೆ. ಅಲ್ಲಿ 1008 ಇದ್ದ ಹೊತ್ತಿಗೆ ಇಲ್ಲಿ 943. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಎರಡನ್ನೂ ಸಮುದ್ರಮಟ್ಟಕ್ಕೆ ಇಳಿಸದೆ, ಅಂದರೆ ಸಮುದ್ರಮಟ್ಟದಲ್ಲಿ ಎಷ್ಟಿರುತ್ತಿತ್ತೆಂದು ಲೆಕ್ಕ ಹಾಕದೆ, ಹೋಲಿಸುವಂತಿಲ್ಲ. ಇಳಿಸಲು ಮನೆಯ ಎತ್ತರ ಸರಿಯಾಗಿ ಗೊತ್ತಿರಬೇಕು. ಹತ್ತು ಮೀಟರ್ ಆಚೀಚೆಯಾದರೆ ಒಂದು ಹೆಕ್ಟೊಪ್ಯಾಸ್ಕಲ್‌ಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ.

ಅದಕ್ಕೇ ಜಿಪಿಎಸ್ ಜೋಡಿಸಿದ್ದು. ಅಡಿಕೆ ಮರಗಳ ಕೆಳಗೆ ಅದು ತಡವರಿಸಿತು. ಅಂಗಳದ ನಡುವೆ ಇಟ್ಟ ಮೇಲೆ ಅಕ್ಷಾಂಶ, ರೇಖಾಂಶ ಕೆಲವೇ ಮೀಟರಿನೊಳಗೆ ನಿಂತವು. ಎತ್ತರ ಮಾತ್ರ ಏರುತ್ತ ಇಳಿಯುತ್ತಲೇ ಇತ್ತು. ಉಪಗ್ರಹಗಳೆಲ್ಲ ತಲೆಯ ಮೇಲಿನ ಕಡೆಯೇ, ಕಾಲಡಿಯಿಂದ ಅಳೆಯಲು ಒಂದೂ ಇಲ್ಲ. ಇನ್ನೊಂದು ತೊಡಕೂ ಇದೆ. ಜಿಪಿಎಸ್ ಮೊದಲು ಎತ್ತರ ಎಣಿಸುವುದು ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ಒಂದು ದೀರ್ಘಗೋಳದಿಂದ (ಚಪ್ಪಟೆಯಾದ ಗೋಳದಿಂದ), ಕಡಲಿನಿಂದಲ್ಲ. ನಮ್ಮ ಕಡೆಯ ಸಮುದ್ರಮಟ್ಟ ಆ ಗೋಳಕ್ಕಿಂತ ಹಲವು ಹತ್ತು ಮೀಟರ್ ತಗ್ಗು. ಶ್ರೀಲಂಕಾದ ದಕ್ಷಿಣಕ್ಕೆ ಸುಮಾರು 106 ಮೀಟರ್, ಜಗತ್ತಿನಲ್ಲೇ ಅತಿ ತಗ್ಗು. ಆ ಲೆಕ್ಕವನ್ನೇ ನಂಬಿದರೆ ಕಾರವಾರದ ಕಡಲದಂಡೆಯಲ್ಲಿ ನಿಂತವನು ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗಿರಬೇಕು! ಜಿಪಿಎಸ್ ಮಾಡ್ಯೂಲ್ ತನ್ನೊಳಗಿನ ಕೋಷ್ಟಕ ನೋಡಿ ಇದನ್ನು ತಿದ್ದಿಕೊಳ್ಳುತ್ತದೆ. ಇಡೀ ರಾತ್ರಿಯ ಸರಾಸರಿ ತೆಗೆದು, ಸರ್ವೇ ಆಫ್ ಇಂಡಿಯಾದ ನಕ್ಷೆಯ ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ) ಜೊತೆ ತಾಳೆ ನೋಡಿಯೇ ನಾನು ಎತ್ತರ ನಮೂದಿಸಿದೆ.

ಈಗ ಎರಡೂ ಊರಿನ ಒತ್ತಡದ ಗೆರೆಗಳು ಬಹುತೇಕ ಒಟ್ಟೊಟ್ಟಿಗೆ ಸಾಗುತ್ತವೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕಕ್ಕೆ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರುತ್ತವೆ. ಬಿಸಿಲಿನ ಕಾವಿಗೆ ಇಡೀ ವಾತಾವರಣದಲ್ಲಿ ದಿನಕ್ಕೆರಡು ಬಾರಿ ಆಗುವ ಉಬ್ಬರವಿಳಿತವಿದು. ಸಂಜೆಯ ಇಳಿತ ಕಂಡು "ವಾಯುಭಾರ ಕುಸಿತ, ಕೇಂದ್ರ ನಮ್ಮ ಮನೆ!" ಎಂದು ಫೋನ್ ಮಾಡಿದ ಭಾವನಿಗೆ ಇದನ್ನು ನಂಬಿಸಲು ಮರುದಿನದ ಗೆರೆಯನ್ನೂ ಕಳುಹಿಸಬೇಕಾಯಿತು.

ಮುಂದಿನದು ಮಳೆಮಾಪಕ. ಅಡಿಕೆ ಹಾಳೆ ಬೀಳದ ಜಾಗ ಹುಡುಕುತ್ತಿದ್ದೇನೆ.