ಯಾವ ಕಂಪನಿಯ ಬೆಳ್ಳಿ ನೀರು ಚಲೋ?

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಔಷಧಿ ಅಂಗಡಿ. ಕೌಂಟರಿನ ಮೇಲೆ ಫೋನು ಚಾಚಿ ಜನ ಕೇಳುತ್ತಾರೆ: "ಈ ಎರಡರಾಗ ಯಾವ ಕೊಲಾಯ್ಡಲ್ ಸಿಲ್ವರ್ ಚಲೋ ಐತ್ರಿ?" ರೋಗ ವಾಸಿಯಾಗುತ್ತದೆ ಎಂದು ಕುಡಿಯಲು ಮಾರುವ, ಬೆಳ್ಳಿ ಬೆರೆಸಿದ ನೀರು ಅದು.

ಯಾವುದೂ ಚಲೋ ಇಲ್ಲ. ನಾನು ಮಾರುವುದಿಲ್ಲ, ತರಿಸಿಯೂ ಕೊಡುವುದಿಲ್ಲ. ಇಷ್ಟು ಹೇಳಿದ ಮೇಲೂ "ಅದು ಖರೇರಿ, ಆದ್ರ ತೊಗೊಳ್ಳೂದಾದ್ರ ಯಾವುದು?" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಕುಡಿಯಬೇಕೋ ಬೇಡವೋ ಎಂಬುದನ್ನು ಜಾಹೀರಾತು ಆಗಲೇ ತೀರ್ಮಾನ ಮಾಡಿ ಕಳಿಸಿರುತ್ತದೆ. ನನಗೆ ಉಳಿಸಿದ್ದು ಬಾಟಲಿ ಆರಿಸುವ ಕೆಲಸ ಅಷ್ಟೇ.

ಸರಿ, ಹೋಲಿಸಿಯೇ ನೋಡೋಣ. ನೀರಿನಷ್ಟು ತಿಳಿಯಾಗಿದ್ದರೆ ಅದರಲ್ಲಿರುವುದು ಬಹುತೇಕ ಬೆಳ್ಳಿಯ ಅಯಾನು, ಅಂದರೆ ವಿದ್ಯುತ್ ಆವೇಶವಿರುವ ಬೆಳ್ಳಿಯ ಪರಮಾಣು. ಹೊಟ್ಟೆಯ ಆಮ್ಲಕ್ಕೆ ಸಿಕ್ಕರೆ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ತೆಳು ಚಹಾದಂಥ ಬಣ್ಣವಿದ್ದರೆ ಬೆಳ್ಳಿಯ ನ್ಯಾನೊ ಕಣಗಳು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು. ಅಲುಗಾಡಿಸಿದಾಗ ನೊರೆ ಎದ್ದು ನಿಂತರೆ ಪ್ರೋಟೀನ್ ಬೆರೆಸಿದ್ದು. ಮಾರುವವರು ಒಬ್ಬರು ಇನ್ನೊಬ್ಬರದನ್ನು ನಕಲಿ ಎನ್ನುತ್ತಾರೆ, ಆದರೆ "650 ರೋಗಾಣುಗಳನ್ನು ಕೊಲ್ಲುತ್ತದೆ" ಎಂಬ ಸಾಲನ್ನು ಹಂಚಿಕೊಳ್ಳುತ್ತಾರೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುವುದು ನಿಜ. ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ಡಾಕ್ಟರ ಚೀಟಿ ನೋಡಿ ನಾನೇ ಕೊಡುತ್ತೇನೆ. ಅದು ಚರ್ಮಕ್ಕೆ ಹಚ್ಚುವುದು. ಬೆಳ್ಳಿ ಕುಡಿದರೆ ರೋಗ ವಾಸಿಯಾಗುತ್ತದೆ ಎನ್ನಲು ಪುರಾವೆ ಇಲ್ಲ. ದೇಹಕ್ಕೆ ಬೇಕಾದ ಖನಿಜಗಳಲ್ಲೂ ಅದು ಬರುವುದಿಲ್ಲ. ಚೀಟಿಯಿಲ್ಲದೆ ಮಾರುವ ಇಂಥ ಔಷಧಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿತು. 2020ರ ಮಾರ್ಚ್‌ನಲ್ಲಿ ಇದನ್ನೇ ಕೊರೊನಾಕ್ಕೆ ಮದ್ದು ಎಂದು ಮಾರಿದವರಿಗೆ ಎಚ್ಚರಿಕೆ ಪತ್ರ ಹೋಯಿತು. ನಮ್ಮಲ್ಲೂ ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆಯ ಪ್ರಕಾರ ಅಪರಾಧ.

ಒಮ್ಮೆ ಅಜ್ಜಿಯೊಬ್ಬರು ಕೆಮ್ಮುವ ಮೊಮ್ಮಗನಿಗೆಂದು 500 ಪಿಪಿಎಂ ಬಾಟಲಿ ತಂದಿಟ್ಟರು. 10ರದ್ದಕ್ಕಿಂತ ಇದು ಪವರ್‌ಫುಲ್ ಅಂತ ಯಾರೋ ಹೇಳಿದ್ದರಂತೆ. "ಬೆಳ್ಳಿ ಬಟ್ಟಲದಾಗ ಕೂಸಿಗೆ ಹಾಲು ಕುಡಸೂದಿಲ್ಲೇನ್ರಿ?" ಎಂದರು. ಬಿಲ್ಲಿನ ಹಿಂಬದಿಗೆ ಲೆಕ್ಕ ಬರೆದು ತೋರಿಸಿದೆ. ಒಂದು ಪಿಪಿಎಂ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಬೆಳ್ಳಿ. 500 ಪಿಪಿಎಂದು ಒಂದು ಚಮಚ, 5 ಎಂಎಲ್ ಕುಡಿಸಿದರೆ 2.5 ಮಿಲಿಗ್ರಾಂ. ಅಮೆರಿಕದ ಪರಿಸರ ಸಂಸ್ಥೆ ಇಟ್ಟಿರುವ ಮಿತಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.005 ಮಿಲಿಗ್ರಾಂ, 12 ಕಿಲೋ ಕೂಸಿಗೆ 0.06. ಒಂದೇ ಚಮಚಕ್ಕೆ ನಲವತ್ತು ಪಟ್ಟು ದಾಟಿತು. 10 ಪಿಪಿಎಂದೇ ಆದರೂ ಎರಡು ಚಮಚಕ್ಕೆ ಮಿತಿ ಮೀರುತ್ತದೆ. ಬಟ್ಟಲಿನ ಬೆಳ್ಳಿ ಬಟ್ಟಲಲ್ಲೇ ಉಳಿಯುತ್ತದೆ ತಾಯಿ, ಇದು ಕೂಸಿನ ಮೈಯಲ್ಲಿ ಉಳಿಯುತ್ತದೆ ಎಂದೆ.

ಆ ಮಿತಿ ಇಟ್ಟಿದ್ದೇ ಆರ್ಗೈರಿಯಾ ಆಗಬಾರದೆಂದು. ಚರ್ಮದಲ್ಲಿ ಕೂತ ಬೆಳ್ಳಿ ಬಿಸಿಲು ತಾಗಿ ಕಪ್ಪಾಗುತ್ತದೆ, ಮೈ ಬೂದು-ನೀಲಿಗೆ ತಿರುಗುತ್ತದೆ, ಸಾಮಾನ್ಯವಾಗಿ ಆ ಬಣ್ಣ ಮತ್ತೆ ಹೋಗುವುದಿಲ್ಲ. ಅಮೆರಿಕದ ಪಾಲ್ ಕರಾಸನ್ ವರ್ಷಗಟ್ಟಲೆ ಮನೆಯಲ್ಲೇ ಮಾಡಿಕೊಂಡು ಕುಡಿದರು. 2013ರಲ್ಲಿ ತೀರಿಕೊಳ್ಳುವವರೆಗೂ ಅವರ ಮುಖ ನೀಲಿಯಾಗಿಯೇ ಇತ್ತು.

ಅಜ್ಜಿಯ ಚೀಲದಲ್ಲಿ ಥೈರಾಯ್ಡ್ ಗುಳಿಗೆಯ ಪಟ್ಟಿಯೂ ಇತ್ತು. ಮೊಮ್ಮಗನಿಗೆ ಕೊಡುವ ಮೊದಲು ತಾವೇ ಖಾಲಿ ಹೊಟ್ಟೆಗೆ ಬೆಳ್ಳಿ ನೀರು ಕುಡಿದು ನೋಡುತ್ತಿದ್ದರು, ಗುಳಿಗೆ ನುಂಗುವ ಹೊತ್ತಿಗೇ. ಬೆಳ್ಳಿ ಆ ಗುಳಿಗೆಯಲ್ಲಿರುವ ಥೈರಾಕ್ಸಿನ್ ಮೈಗೆ ಹತ್ತದಂತೆ ಮಾಡಬಹುದು. ಸಿಪ್ರೊಫ್ಲಾಕ್ಸಸಿನ್ ತರದ ಕ್ವಿನೊಲೋನ್‌ಗಳು, ಟೆಟ್ರಾಸೈಕ್ಲಿನ್‌ಗಳು ಎಂಬ ಆಂಟಿಬಯೋಟಿಕ್‌ಗಳದ್ದೂ ಅದೇ ಕತೆ. "ನನ್ನ ಗುಳಿಗಿ ಜೋಡಿ ಇದು ನಡೀತದೇನ್ರಿ?" ಅಂತ ಕೇಳುವವರೇ ಇಲ್ಲ. ದಯವಿಟ್ಟು ಅದನ್ನು ಕೇಳಿ. ಈಗಾಗಲೇ ಕುಡಿಯುತ್ತಿದ್ದರೆ ನಿಲ್ಲಿಸಿ, ಬಾಟಲಿಯನ್ನೂ ಗುಳಿಗೆಯ ಪಟ್ಟಿಗಳನ್ನೂ ನಿಮ್ಮ ಡಾಕ್ಟರಿಗೆ ತೋರಿಸಿ. ಡಾಕ್ಟರು ಸಿಗದಿದ್ದರೆ ನಮ್ಮ ಕೌಂಟರಿಗೆ ತನ್ನಿ, ಅಂಗಡಿ ಮುಚ್ಚುವ ಹೊತ್ತಾಗಿದ್ದರೂ ಒಂದೊಂದನ್ನೂ ನೋಡಿ ಹೇಳುತ್ತೇನೆ.